ನಗಿಸುವವರ ಗುಟ್ಟು

ರಾತ್ರಿಯ ಊಟ ಮುಗಿದ ಬಳಿಕ ಬೀದರ ನಗರದ ಯಾವುದಾದರೊಂದು ಓಣಿಯಲ್ಲಿ ಹಾದುಹೋಗುವವರಿಗೆ ಈಗೀಗ ಒಂದು ವಿಶೇಷವು ಕಿವಿಗೆ ಬೀಳುವುದುಂಟು. ಒಂದು ಮನೆಯ ಪಡಸಾಲೆಯಿಂದ ಗುಂಪುನಗೆಯು ಕೇಳಿಬರುವುದು. ಅದು ಅಡಗುವಷ್ಟರಲ್ಲಿ ನಾಲ್ಕು ಮನೆಗಳಾಚೆ ಮತ್ತೊಂದು ನಗೆಯು ಏಳುವುದು. ಒಳಹೊಕ್ಕು ನೋಡಿದರೆ ನೆಂಟರಿಲ್ಲ, ಇಸ್ಪೀಟಿನ ಆಟವಿಲ್ಲ. ಮನೆಯ ಮಗುವಿನ ಅಂಗೈಯಲ್ಲಿರುವ ಮೊಬೈಲಿನೊಳಗಿನಿಂದ ಗಂಗಾವತಿಯ ಪ್ರಾಣೇಶರು ಮಾತನಾಡುತ್ತಿರುವರು.

ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಮನೆಯಾಕೆಯು ಸೆರಗನ್ನು ಬಾಯಿಗೊತ್ತಿಕೊಂಡು, ಸೊಸೆಯು ಅಡಿಗೆಮನೆಯ ಬಾಗಿಲಿಗೊರಗಿ, ಮೊಮ್ಮಗನು ಜಮಖಾನೆಯ ಮೇಲೆ ಹೊರಳಿ ನಗುವರು. ನಾವೂ ನಗುವೆವು. ಆದರೆ ಬಹುಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದು ನಿವೃತ್ತರಾದ ನಮಗೆ, ನಕ್ಕ ಮೇಲೆ ಏಕೆ ನಕ್ಕೆವೆಂದು ವಿಚಾರಿಸುವ ದುರಭ್ಯಾಸವೊಂದು ಅಂಟಿಕೊಂಡಿದೆ. ಒಂದು ರಾತ್ರಿ ಮೊಮ್ಮಗನನ್ನೇ ಕೇಳಿದೆವು: “ಇವರ ಮಾತು ನಿನಗೆ ಏಕೆ ನಗೆ ಬರಿಸುವುದಪ್ಪಾ?” ಅವನು ಕ್ಷಣವೂ ಯೋಚಿಸದೆ, “ಅಜ್ಜಾ, ಅವ್ರು ನಮ್ಮ ಕಡಿ ಮಂದಿ ಮಾತಾಡ್ದಂಗೇ ಮಾತಾಡ್ತಾರಲ್ಲ, ಅದಕ್ಕ” ಎಂದನು. ವಾಚಕ ಮಹಾಶಯರೇ, ಹನ್ನೆರಡು ವರುಷದ ಹುಡುಗನ ಈ ಉತ್ತರವನ್ನು ನಾವು ಬಹಳ ದಿನ ಮನಸ್ಸಿನಲ್ಲಿ ತಿರುವಿ ಹಾಕಿದೆವು. ಅದು ಎಷ್ಟರಮಟ್ಟಿಗೆ ನಿಜ, ನಿಜವಾದರೆ ಅದರಿಂದ ನಮ್ಮಂಥವರು ಕಲಿಯಬೇಕಾದುದೇನು ಎಂಬುದನ್ನು ಅರಿಕೆ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರವೇನು ಹೇಳುವುದೆಂದು ನೋಡೋಣ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯರಸಕ್ಕೆ ‘ಹಾಸ’ವೇ ಸ್ಥಾಯಿಭಾವವೆಂದೂ, ವಿಕೃತವಾದ ವೇಷ, ಮಾತು, ನಡೆಗಳಿಂದ ಅದು ಹುಟ್ಟುವುದೆಂದೂ ಹೇಳಿರುವನು. ‘ವಿಕೃತ’ವೆಂದರೆ ಕುರೂಪವೆಂದು ತಿಳಿಯಬಾರದು, ಇರಬೇಕಾದ ರೀತಿಯಿಂದ ಸ್ವಲ್ಪ ಓರೆಯಾದುದೆಂದು ಅರ್ಥ. ಕಾಲಿಗೆ ಹಾಕಬೇಕಾದುದನ್ನು ಕೊರಳಿಗೆ ಹಾಕಿಕೊಂಡವನನ್ನು ಕಂಡರೆ ಯಾರಿಗಾದರೂ ನಗೆ ಬಾರದಿರದು. ನಗೆಯಲ್ಲಿಯೂ ಅವನು ಆರು ಬಗೆಗಳನ್ನು ಎಣಿಸಿದನು. ಹಲ್ಲು ಕಾಣದ ‘ಸ್ಮಿತ’, ಹಲ್ಲು ತುಸು ತೋರುವ ‘ಹಸಿತ’ ಇವೆರಡು ಉತ್ತಮರವು. ‘ವಿಹಸಿತ’, ‘ಉಪಹಸಿತ’ ಮಧ್ಯಮರವು. ‘ಅಪಹಸಿತ’, ‘ಅತಿಹಸಿತ’ ಅಧಮರವು. ಪಕ್ಕೆಗಳನ್ನು ಹಿಡಿದುಕೊಂಡು ನಗುವುದೇ ಅತಿಹಸಿತ. ಈ ಲೆಕ್ಕದಂತೆ ಪ್ರಾಣೇಶರನ್ನು ಕೇಳುವಾಗ ನಮ್ಮ ಮನೆಯವರೆಲ್ಲರೂ ಅಧಮರೇ ಸರಿ. ಅದಕ್ಕೆ ನಮಗೆ ಲೇಶವೂ ಬೇಸರವಿಲ್ಲ. ಆದರೆ ‘ಅಪಹಸಿತ’ಕ್ಕೆ ಭರತನು ಹೇಳಿದ ಮೊದಲನೆಯ ಲಕ್ಷಣವೇ ಬೇರೆ: ನಗಬಾರದ ಸ್ಥಾನದಲ್ಲಿ ನಗುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಒಬ್ಬನೇ ನಿಂತು ಸಭೆಯನ್ನು ನಗಿಸುವ ಈ ಕಲೆಯನ್ನು ಬೆಂಗಳೂರಿನ ತರುಣರು ‘ಸ್ಟ್ಯಾಂಡ್ ಅಪ್ ಕಾಮಿಡಿ’ ಎಂದು ಕರೆದು, ಪರದೇಶದಿಂದ ನಿನ್ನೆ ಮೊನ್ನೆ ಬಂದುದೆಂದು ಭಾವಿಸುವರು. ನಮ್ಮಲ್ಲಿ ಇದು ಹಳೆಯದು. ಸಂಸ್ಕೃತದ ದಶರೂಪಕಗಳಲ್ಲಿ ‘ಭಾಣ’ವೆಂಬುದೊಂದುಂಟು. ಅದರಲ್ಲಿ ಒಬ್ಬನೇ ನಟನು. ಅವನು ಬೀದಿಯಲ್ಲಿ ನಡೆಯುತ್ತ, ಕಾಣದಿರುವವರೊಡನೆ ಮಾತನಾಡುವನು, ಅವರ ಉತ್ತರವನ್ನು ತಾನೇ ಕೇಳಿಸಿಕೊಂಡಂತೆ ನಟಿಸಿ, “ಏನೆನ್ನುವೆ? ಹೀಗೆನ್ನುವೆಯಾ?” ಎಂದು ತಾನೇ ಹೇಳುವನು. ಇದಕ್ಕೆ ‘ಆಕಾಶಭಾಷಿತ’ವೆಂದು ಹೆಸರು. ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕ ಇವರ ಹೆಸರಿನಲ್ಲಿ ‘ಚತುರ್ಭಾಣೀ’ ಎಂಬ ನಾಲ್ಕು ಭಾಣಗಳು ಇಂದಿಗೂ ಉಳಿದಿವೆ. ಇಂದಿನ ಹಾಸ್ಯಭಾಷಣಕಾರರು ಧ್ವನಿವರ್ಧಕದ ಮುಂದೆ ನಿಂತು, ಒಮ್ಮೆ ಅತ್ತೆಯಾಗಿ, ಒಮ್ಮೆ ಸೊಸೆಯಾಗಿ, ನಡುವೆ ಬಾಯಿ ಬಿಡಲಾರದ ಗಂಡನಾಗಿ ನುಡಿಯುವುದು ಈ ಆಕಾಶಭಾಷಿತವಲ್ಲದೆ ಮತ್ತೇನು? ಕೇರಳದ ದೇವಾಲಯಗಳಲ್ಲಿ ಚಾಕ್ಯಾರನು ಒಬ್ಬನೇ ರಂಗದಲ್ಲಿದ್ದು ಪುರಾಣ ಹೇಳುತ್ತ ಹೇಳುತ್ತ ಎದುರಿಗೆ ಕುಳಿತವರನ್ನೇ ಹಾಸ್ಯಕ್ಕೆ ಗುರಿಮಾಡುವ ಸಂಪ್ರದಾಯವೂ ಇದೇ ಕುಲದ್ದು.

ಇನ್ನೊಂದು ಸಂಗತಿಯುಂಟು. ಸಂಸ್ಕೃತ ನಾಟಕಗಳಲ್ಲಿ ನಗಿಸುವ ಹೊಣೆಯು ವಿದೂಷಕನದು. ಶಾಕುಂತಲದಲ್ಲಿ ಮಾಧವ್ಯನು, ಮೃಚ್ಛಕಟಿಕದಲ್ಲಿ ಮೈತ್ರೇಯನು. ಇವರು ಬ್ರಾಹ್ಮಣರೇ, ಆದರೂ ಸಂಸ್ಕೃತವನ್ನಾಡರು, ಪ್ರಾಕೃತವನ್ನೇ ಆಡುವರು. ರಾಜನು ರಾಜಭಾಷೆಯಲ್ಲಿ ನಿಟ್ಟುಸಿರು ಬಿಡುತ್ತಿದ್ದರೆ, ಮಗ್ಗುಲಲ್ಲಿರುವ ವಿದೂಷಕನು ಮನೆಯ ಮಾತಿನಲ್ಲಿ ಹಸಿವಿನ ವಿಷಯವನ್ನು ತೆಗೆಯುವನು. ನಗೆಗೆ ಮನೆಮಾತೇ ಬೇಕೆಂಬುದನ್ನು ಆ ಮಹಾಕವಿಗಳು ಬಲ್ಲವರಾಗಿದ್ದರು. ಇದನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು, ಅರ್ಥಮಾಡಿಕೊಂಡಿರಲಿಲ್ಲ.

ಕನ್ನಡದ ನಗೆಗಾರರ ಪರಂಪರೆಯನ್ನು ನೋಡಿದರೆ ಈ ತತ್ತ್ವವೇ ಎದ್ದು ತೋರುವುದು. ಟಿ. ಪಿ. ಕೈಲಾಸಂ (1884–1946) ಅವರು ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಕಲಿತು ಬಂದವರು. ಅವರು ಗ್ರಂಥಸ್ಥ ಭಾಷೆಯನ್ನು ರಂಗದಿಂದ ಇಳಿಸಿ, ಅರ್ಧ ಇಂಗ್ಲಿಷು ಬೆರೆತ ಬೆಂಗಳೂರಿನ ಮನೆಮಾತನ್ನೇ ಅಲ್ಲಿ ನಿಲ್ಲಿಸಿದರು. ತಮ್ಮ ನಾಲಿಗೆಯನ್ನು ತಾವೇ ಕನ್ನಡಿಯಲ್ಲಿ ಕಂಡಂತಾಗಿ ಜನರು ನಕ್ಕರು. 1942 ರಲ್ಲಿ ‘ಕೊರವಂಜಿ’ ಎಂಬ ವಿನೋದಪತ್ರಿಕೆಯನ್ನು ಆರಂಭಿಸಿದ ರಾ. ಶಿ. ಅವರು ವೃತ್ತಿಯಿಂದ ವೈದ್ಯರು. 25 ವರುಷ ನಡೆದ ಆ ಪತ್ರಿಕೆಗೆ ಆರ್. ಕೆ. ಲಕ್ಷ್ಮಣರು ಚಿತ್ರಗಳನ್ನು ಬರೆದುಕೊಟ್ಟಿದ್ದರು. ಹರಪನಹಳ್ಳಿಯಲ್ಲಿ 1913 ರಲ್ಲಿ ಹುಟ್ಟಿದ ಬೀಚಿಯವರು ಪೋಲೀಸು ಇಲಾಖೆಯಲ್ಲಿ ನೌಕರರಾಗಿದ್ದು, ಮೊದಲು ಕನ್ನಡವನ್ನೇ ಅಲಕ್ಷಿಸಿದವರು, ಅ. ನ. ಕೃ. ಅವರ ‘ಸಂಧ್ಯಾರಾಗ’ವನ್ನೋದಿ ಮನಸ್ಸು ತಿರುಗಿ, ಕನ್ನಡದಲ್ಲಿ ಬರೆಯತೊಡಗಿದರು. ಅವರ ತಿಮ್ಮನು ದಡ್ಡನಂತೆ ಪ್ರಶ್ನೆ ಕೇಳುವನು. ಉತ್ತರ ಹೇಳಹೊರಟ ಜಾಣನೇ ಕೊನೆಗೆ ದಡ್ಡನಾಗುವನು. ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟವರು, ನಗೆಯನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಾಸ್ಟರ್ ಹಿರಣ್ಣಯ್ಯನವರು (1934–2019) ‘ಲಂಚಾವತಾರ’ ನಾಟಕದಲ್ಲಿ ಅಧಿಕಾರಿಗಳನ್ನೂ ಮಂತ್ರಿಗಳನ್ನೂ ಹೆದರದೆ ಹಂಗಿಸಿದರು. ಲಂಚ ಕೊಡುವವನೂ ಸಭೆಯಲ್ಲಿಯೇ ಕುಳಿತಿರುವನೆಂಬುದನ್ನು ಅವರು ಮರೆಯುತ್ತಿರಲಿಲ್ಲ. ಆದುದರಿಂದಲೇ ನಗೆಯು ಸುತ್ತಿ ಬಂದು ನಮ್ಮ ಎದೆಗೇ ತಗಲುತ್ತಿತ್ತು.

ಈಗಿನವರಲ್ಲಿ, ಮಂಡ್ಯ ಮೈಸೂರು ಸೀಮೆಯ ಪ್ರೊ. ಎಂ. ಕೃಷ್ಣೇಗೌಡರು ಅಲ್ಲಿಯ ಹಳ್ಳಿಗರ ಮಾತಿನ ಏರಿಳಿತವನ್ನು ಹಾಗೆಯೇ ಹಿಡಿದು ತೋರಿಸಿ, ನಗೆಯ ಬೆನ್ನಿಗೆ ಸಾಹಿತ್ಯದ ಒಂದು ಮಾತನ್ನು ಜೋಡಿಸಿ ಕಳುಹಿಸುವರು. ಪ್ರಾಣೇಶರು ಬೀಚಿಯವರನ್ನೇ ಗುರುವೆಂದು ಭಾವಿಸಿ ‘ಅಭಿನವ ಬೀಚಿ’ ಎಂಬ ಬಿರುದು ಪಡೆದವರು. ಹಳ್ಳಿಯ ಮದುವೆ, ಬಸ್ಸಿನ ಪ್ರಯಾಣ, ದೂರದರ್ಶನದ ಧಾರಾವಾಹಿ, ಇಂಥ ನಿತ್ಯದ ವಸ್ತುಗಳೇ ಅವರಿಗೆ ಸಾಕು. ಅವರಲ್ಲಿ ನಾವು ಮೆಚ್ಚುವ ಗುಣ ಎರಡು. ಮೊದಲನೆಯದು, ತಾವು ನಗದೆ ನಗಿಸುವುದು. ಎರಡನೆಯದು, ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬ ಅರಿವು. ಕೊನೆಯ ಪದಕ್ಕೆ ಮುಂಚೆ ಅರೆಕ್ಷಣ ಸುಮ್ಮನಿದ್ದರೆ, ಕೇಳುವವನು ಆ ಪದವನ್ನು ತಾನೇ ಊಹಿಸತೊಡಗುವನು. ಊಹಿಸಿದ್ದೊಂದು, ಬಂದದ್ದೊಂದು ಆದಾಗ ನಗೆಯು ಚಿಮ್ಮುವುದು. ತರಗತಿಯಲ್ಲಿ ಪಾಠ ಹೇಳುವವರಿಗೂ ಈ ಮೌನದ ಉಪಯೋಗ ತಿಳಿದಿದ್ದರೆ ಎಷ್ಟೋ ಹುಡುಗರು ತೂಕಡಿಸುತ್ತಿರಲಿಲ್ಲ.

ಹಾಸ್ಯವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಾಣುವುದೆಂದು ಭರತನು ಬರೆದನು. ನಮ್ಮ ಸಭೆಗಳಲ್ಲಿಯೂ ಬಹುಕಾಲ ಹೆಂಡತಿ, ಅತ್ತೆ, ನಾದಿನಿ ಇವರು ನಗೆಯ ಸರಕಾಗಿಯೇ ಇದ್ದರು. ಸುಧಾ ಬರಗೂರು, ಇಂದುಮತಿ ಸಾಲಿಮಠ ಮೊದಲಾದ ಮಹಿಳೆಯರು ಧ್ವನಿವರ್ಧಕವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಗಂಡನ ಸಾಮ್ರಾಜ್ಯದ ಕಥೆಯೂ ಸಭೆಗೆ ತಿಳಿಯುವಂತಾಯಿತು. ಮಾತನಾಡುವವರು ಬದಲಾದರೆ ನಗೆಯ ದಿಕ್ಕೂ ಬದಲಾಗುವುದು.

ಇನ್ನು ನಮ್ಮ ಬೀದರ ಜಿಲ್ಲೆಯ ವಿಷಯಕ್ಕೆ ಬರೋಣ. ನಗೆಗೆ ಇದಕ್ಕಿಂತ ಫಲವತ್ತಾದ ನೆಲ ಮತ್ತೊಂದು ಸಿಕ್ಕುವುದು ದುರ್ಲಭ. ನಿಜಾಮರ ಆಳಿಕೆಯಲ್ಲಿ ಕಚೇರಿ ಶಾಲೆಗಳ ಭಾಷೆಯು ಉರ್ದುವಾಗಿತ್ತು. 1956 ನೆಯ ನವೆಂಬರ 1 ರಂದು ಹಳೆಯ ಜಿಲ್ಲೆಯು ಮೂರು ಪಾಲಾಗಿ, ಉದಗೀರ ನಿಲಂಗಾಗಳು ಮರಾಠಿಯವರ ಕಡೆಗೂ, ಜಹೀರಾಬಾದು ನಾರಾಯಣಖೇಡಗಳು ತೆಲುಗರ ಕಡೆಗೂ ಹೋದುವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದುವು. ಗೆರೆಯನ್ನು ನಕ್ಷೆಯ ಮೇಲೆ ಎಳೆದರು. ನಾಲಿಗೆಯ ಮೇಲೆ ಎಳೆಯಲಾಗಲಿಲ್ಲ. ಔರಾದದ ಸಂತೆಯಲ್ಲಿ ಎತ್ತಿನ ವ್ಯಾಪಾರವು ಕನ್ನಡದಲ್ಲಿ ಮೊದಲಾಗಿ, ಮರಾಠಿಯಲ್ಲಿ ಬಿಸಿಯೇರಿ, ಉರ್ದುವಿನಲ್ಲಿ ಮುಗಿದರೆ ಯಾರೂ ಹುಬ್ಬೇರಿಸರು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಶಾಲೆಯ ಫಲಕವನ್ನು ತೂಗಹಾಕಿ, ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಜಿಲ್ಲೆಯಲ್ಲಿ ಎಲ್ಲರೂ ಬಲ್ಲರು. ಗಂಭೀರವಾದ, ಅಪಾಯವೂ ಇದ್ದ ಕಾರ್ಯವದು. ಆದರೂ ಆ ಫಲಕವನ್ನು ನೆನೆದಾಗ ಮುಖದ ಮೇಲೆ ಸ್ಮಿತವು ಮೂಡದಿರದು. ದೊಡ್ಡವರ ಹಾಸ್ಯವು ಕೆಲವು ವೇಳೆ ಮಾತಿಲ್ಲದೆಯೂ ನಡೆಯುವುದು.

ಈ ಬೆರಕೆಯ ಮಾತಿನಿಂದಲೇ ದೊಡ್ಡ ಹಾಸ್ಯಕವಿಯೊಬ್ಬರು ನಮ್ಮ ಜಿಲ್ಲೆಯಲ್ಲಿ ಹುಟ್ಟಿದರು. ಸುಲೇಮಾನ್ ಖತೀಬರು (1922–1978) ಚಿಟಗುಪ್ಪದವರು, ಬಾಳಿದುದು ಕಲಬುರ್ಗಿಯಲ್ಲಿ. ಲಖನೌದ ನಯವಾದ ಉರ್ದುವನ್ನು ಬಿಟ್ಟು, ದಖನಿಯೆಂದು ಪಂಡಿತರು ಮೂಗುಮುರಿಯುತ್ತಿದ್ದ ಮನೆಮಾತಿನಲ್ಲಿ ಅವರು ಬರೆದರು. ಬೇಡವೆನ್ನುವುದಕ್ಕೆ ದಖನಿಯಲ್ಲಿ ‘ನಕ್ಕೊ’ ಎನ್ನುವರಷ್ಟೆ. ಅದು ಮರಾಠಿಯ ‘ನಕೋ’ ಎಂಬುದರಿಂದ ಬಂದುದು. ಅವರ ಕವನಸಂಗ್ರಹದ ಹೆಸರು ‘ಕೇವಡೇ ಕಾ ಬನ್’, ಎಂದರೆ ಕೇದಗೆಯ ವನ. ಅತ್ತೆ ಸೊಸೆಯರ ಜಗಳವನ್ನು ಕುರಿತ ಅವರ ಕವನವು ಮುಶಾಯರಗಳಲ್ಲಿ ಬಹಳ ಪ್ರಸಿದ್ಧವಾಯಿತು. ಕೇಳುವಾಗ ನಗೆ; ಕೇಳಿ ಮನೆಗೆ ಹೋಗುವಾಗ ಬಡವರ ಮನೆಯ ಆ ಇಬ್ಬರು ಹೆಂಗಸರ ಮೇಲೆಯೂ ಮರುಕ. ಕನ್ನಡಿಗರಾದ ನಾವೂ ಅವರನ್ನು ನಮ್ಮವರೆಂದೇ ಎಣಿಸತಕ್ಕದ್ದು.

ವಾಚಕ ಮಹಾಶಯರೇ, ಇಷ್ಟೆಲ್ಲ ಬರೆದ ಮೇಲೆ ನಮ್ಮದೊಂದು ತಪ್ಪನ್ನು ಹೇಳದೆ ಬಿಟ್ಟರೆ ಈ ಲೇಖನವು ಪ್ರಾಮಾಣಿಕವಾಗಲಾರದು.

ಸುಮಾರು ಮೂವತ್ತು ವರುಷಗಳ ಕೆಳಗೆ ನಾವು ಬೀದರಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಸಂಸ್ಕೃತ ಕಲಿತ ಹೆಮ್ಮೆಯು ಹೊಸದಾಗಿತ್ತು. ಶುದ್ಧ ಕನ್ನಡವನ್ನು ಈ ನಾಡಿನಲ್ಲಿ ನೆಲೆಗೊಳಿಸುವ ಹೊಣೆಯು ನಮ್ಮೊಬ್ಬರದೇ ಎಂದು ಭಾವಿಸಿದ್ದೆವು. ಒಂದು ದಿನ, ಔರಾದ ತಾಲೂಕಿನ ಹಳ್ಳಿಯಿಂದ ಬಂದು ವಸತಿಗೃಹದಲ್ಲಿದ್ದ ಹುಡುಗನೊಬ್ಬನು ಬಾಗಿಲಲ್ಲಿ ನಿಂತು, “ಸರ್, ನಮ್ಮವ್ವ ಬೇಮಾರ್ ಬಿದ್ದಾಳ್ರಿ. ದವಾಖಾನಿಗಿ ಒಯ್ಯಲಾಕ ಜರಾ ಛುಟ್ಟಿ ಕೊಡ್ರಿ” ಎಂದನು. ನಾವು ಆ ವಾಕ್ಯವನ್ನು ಅವನ ಧ್ವನಿಯಲ್ಲಿಯೇ, ಬೇಮಾರ್, ದವಾಖಾನಿ, ಜರಾ, ಛುಟ್ಟಿ ಎಂಬ ಒಂದೊಂದು ಪದವನ್ನೂ ಎಳೆದೆಳೆದು ತಿರುಗಿ ಹೇಳಿ, “ಇದರಲ್ಲಿ ಕನ್ನಡವೆಲ್ಲಿದೆಯೋ?” ಎಂದು ಕೇಳಿದೆವು. ತರಗತಿಯು ಗೊಳ್ಳೆಂದು ನಕ್ಕಿತು. ಬಳಿಕ, “ನನ್ನ ತಾಯಿಯು ಅಸ್ವಸ್ಥಳಾಗಿರುವಳು, ಆಕೆಯನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯಲು ರಜೆಯನ್ನು ದಯಪಾಲಿಸಬೇಕು” ಎಂದು ಮೂರು ಸಾರಿ ಹೇಳಿಸಿ ಕಳುಹಿಸಿದೆವು. ಹುಡುಗನು ಹೇಳಿದನು, ಹೋದನು. ಹಿಂತಿರುಗಿ ಬಂದ ಮೇಲೆ ಆ ವರುಷವೆಲ್ಲ ತರಗತಿಯಲ್ಲಿ ತಾನಾಗಿ ಬಾಯಿ ತೆರೆಯಲಿಲ್ಲ.

ಆ ವಾಕ್ಯದಲ್ಲಿ ಪಾರಸಿಯನ್ನೂ ಹಿಂದಿಯನ್ನೂ ಎಣಿಸಿದ ನಾವು, ಕಾಯಿಲೆಯಲ್ಲಿ ಮಲಗಿದ್ದ ತಾಯಿಯನ್ನು ಕಾಣಲಿಲ್ಲ. ಮರುಕವಿರಬೇಕಾದ ಸ್ಥಾನದಲ್ಲಿ ನಗೆಯನ್ನು ತಂದೆವು. ಭರತನು ಇದನ್ನೇ ಅಪಹಸಿತವೆಂದು ಕರೆದು ಅಧಮರ ಪಾಲಿಗೆ ಹಾಕಿದ್ದನು. ಔಚಿತ್ಯವು ತಪ್ಪಿದರೆ ರಸವೇ ಇಲ್ಲವೆಂದು ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿಯೇ ಹೇಳಿದ್ದನು. ಇವರಿಬ್ಬರ ಗ್ರಂಥಗಳೂ ನಮ್ಮ ಮೇಜಿನ ಮೇಲಿದ್ದುವು. ಇನ್ನೂ ವಿಚಿತ್ರವೇನೆಂದರೆ, ನಾವು ಶುದ್ಧಪಡಿಸಿ ಕೊಟ್ಟ ವಾಕ್ಯದೊಳಗಿನ ‘ರಜೆ’ಯೇ ಅರಬ್ಬಿಯಿಂದ ಬಂದ ಪದ, ‘ಅಸ್ವಸ್ಥ’, ‘ಚಿಕಿತ್ಸಾಲಯ’ಗಳೋ ಸಂಸ್ಕೃತದವು. ಹುಡುಗನ ವಾಕ್ಯದಲ್ಲಿದ್ದ ‘ಅವ್ವ’ ಎಂಬ ಅಚ್ಚಕನ್ನಡ ಪದವನ್ನು ಕಿತ್ತುಹಾಕಿದವರು ನಾವೇ.

ಇದಾಗಿ ಎಷ್ಟೋ ವರುಷಗಳ ಮೇಲೆ, ಈಚೆಗೆ, ಭಾಲ್ಕಿಯಲ್ಲಿ ನಡೆದ ಒಂದು ಸಮಾರಂಭದಲ್ಲಿ ಹಾಸ್ಯಭಾಷಣವೊಂದನ್ನು ಕೇಳುವ ಸಂದರ್ಭವೊದಗಿತು. ಭಾಷಣಕಾರನು ಈ ಕಡೆಯ ತರುಣನೇ. ಬೀದರಿನವನೊಬ್ಬನು ಬೆಂಗಳೂರಿಗೆ ಹೋದ ಕಥೆಯನ್ನು ತೆಗೆದನು. ಅವನು ದಾರಿಯಲ್ಲಿ ಒಬ್ಬರನ್ನು, “ಅಣ್ಣೋರೆ, ದವಾಖಾನಿ ಎಲ್ಲದರಿ?” ಎಂದು ಕೇಳಿದನಂತೆ. ಅವರು ನಕ್ಕು, “ಅದು ಕನ್ನಡ ಅಲ್ಲ ಕಣ್ರೀ. ಸ್ಟ್ರೈಟ್ ಹೋಗಿ, ಸಿಗ್ನಲ್‌ನಲ್ಲಿ ಲೆಫ್ಟ್ ಟರ್ನ್ ಮಾಡಿ, ರೈಟ್ ಸೈಡಿಗೆ ಹಾಸ್ಪಿಟಲ್ ಇದೆ” ಎಂದರಂತೆ. ಇಷ್ಟು ಹೇಳಿ ಭಾಷಣಕಾರನು ನಗದೆ, ಮೆಲ್ಲಗೆ ನೀರು ಕುಡಿದು, ಲೋಟವನ್ನು ಕೆಳಗಿಟ್ಟು, “ಅಂವ ಅಂದ, ಅಣ್ಣೋರೆ, ಈಗ ಇದನ್ನೇ ಜರಾ ಕನ್ನಡದಾಗ ಹೇಳ್ರಿ” ಎಂದನು. ಸಭಾಮಂದಿರದ ತಗಡಿನ ಚಾವಣಿಯು ಹಾರಿಹೋಗುವಂತೆ ಜನರು ನಕ್ಕರು. ನಾವು ತರಗತಿಯಲ್ಲಿ ಎತ್ತಿಹಿಡಿದು ಹಂಗಿಸಿದ್ದ ದವಾಖಾನಿಯೇ, ಜರಾ ಎಂಬುದೇ ಅಲ್ಲಿಯೂ ಇದ್ದುವು. ಪದಗಳು ಅವೇ, ಆದರೆ ಆ ತರುಣನು ಅವುಗಳ ಜೊತೆಗೆ ನಿಂತು ನಗಿಸಿದನು, ನಾವು ಕುರ್ಚಿಯ ಮೇಲಿನಿಂದ ಕೆಳಗೆ ನೋಡಿ ನಗಿಸಿದ್ದೆವು. ನಗಿಸುವವರ ಗುಟ್ಟೆಂಬುದು ಇಷ್ಟೇ ಎಂದು ನಮಗೆ ಆಗ ಹೊಳೆಯಿತು. ಮೊಮ್ಮಗನು ಹೇಳಿದುದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಒಂದು ಮಾತನ್ನು ಮಾತ್ರ ಸೇರಿಸಬೇಕು. ನಮ್ಮಂತೆ ಮಾತನಾಡಿದರೆ ಸಾಲದು, ನಮ್ಮೊಡನೆ ನಿಂತು ಮಾತನಾಡಬೇಕು.

ಮನೆಯಲ್ಲಿ ಮಕ್ಕಳು ಯಾರ ಹಾಸ್ಯವನ್ನು ಕೇಳಬೇಕು, ಯಾರದನ್ನು ಬೇಡವೆನ್ನಬೇಕು ಎಂದು ಗೃಹಸ್ಥರು ನಮ್ಮನ್ನು ಕೇಳುವುದುಂಟು. ಇಂದು ಮೊಬೈಲಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಒಂದೇ ಬಾಗಿಲಿನಿಂದ ಒಳಗೆ ಬರುವುವಾದುದರಿಂದ ಈ ಪ್ರಶ್ನೆಯು ಸಹಜವೇ. ನಾವು ಒಂದೇ ಒರೆಗಲ್ಲನ್ನು ಹೇಳುವೆವು. ಯಾರನ್ನು ಕುರಿತು ನಗೆಯಾಡುವರೋ ಆ ಮನುಷ್ಯನು ನಿಮ್ಮ ಪಕ್ಕದಲ್ಲಿಯೇ ಕುಳಿತಿರುವನೆಂದು ಭಾವಿಸಿರಿ. ಅವನೂ ನಗಬಲ್ಲನಾದರೆ ಅದು ಹಾಸ್ಯ. ಅವನು ತಲೆತಗ್ಗಿಸುವನಾದರೆ ಅದಕ್ಕೆ ಬೇರೆ ಹೆಸರುಂಟು. ಕುಂಟರು, ತೊದಲರು, ಕಪ್ಪುಬಣ್ಣದವರು, ಮಕ್ಕಳಿಲ್ಲದವರು ಇವರ ಮೇಲೆ ಕಟ್ಟಿದ ವಿನೋದಗಳು ಈ ಒರೆಗೆ ನಿಲ್ಲಲಾರವು.

ಅಂದು ಭಾಲ್ಕಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಭಾಷಣ ಮುಗಿದು ಹೊರಬರುವಾಗ, ನಮ್ಮ ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಬಂದು ಕಾಲುಮುಟ್ಟಿ ನಮಸ್ಕರಿಸಿದನು. ತಲೆಯು ಅಲ್ಲಲ್ಲಿ ನೆರೆತಿತ್ತು. ಕಣ್ಣಿನಿಂದ ಗುರುತು ಹಿಡಿದೆವು. ಔರಾದದ ಆ ಹುಡುಗನೇ. ಏನು ಹೇಳಬೇಕೆಂದು ನಮಗೆ ತೋಚದಿರಲು, ಅವನೇ, “ಸರ್, ಇವ್ರಿಗಿ ರೊಕ್ಕ ಕೊಟ್ಟು ಕರ್ಸ್ಯಾರ್ರಿ. ನೀವು ಆಗ ಪುಕ್ಕಟೆನೇ ನಗಿಸಿದ್ರಿ” ಎಂದನು. ಅವನ ಮುಖದಲ್ಲಿ ಕೋಪವಿರಲಿಲ್ಲ. ಮಾತು ಮಾತ್ರ ತಾಗಬೇಕಾದಲ್ಲಿ ತಾಗಿತು. ನಾವು ಕೈಹಿಡಿದು, “ಅಂದು ನಮ್ಮಿಂದ ತಪ್ಪಾಯಿತಪ್ಪಾ. ನಿನ್ನ ಅವ್ವ?” ಎಂದಷ್ಟೇ ಕೇಳಿದೆವು.

“ಆರಾಮ ಹಾಳ್ರಿ. ಆಗಿನ ಕತಿ ಅಕಿಗಿ ಮನಿಗಿ ಹೋದ ದಿನಾನೇ ಹೇಳಿದ್ದೆ. ಇವತ್ತಿಗೂ ಮೈಯಾಗ ಆರಾಮಿಲ್ಲಂದ್ರ, ನಡಿಯಪ್ಪಾ, ನಿಮ್ಮ ಸರ್ ಅವ್ರ ಚಿಕಿತ್ಸಾಲಯಕ್ಕ ಹೋಗಮ್ ಅಂತಾಳ. ಮೊಮ್ಮಕ್ಕಳು ಬಿದ್ದು ಬಿದ್ದು ನಗ್ತಾವ್ರಿ.”

ಔರಾದ ತಾಲೂಕಿನ ಒಂದು ಮನೆಯಲ್ಲಿ ಮೂವತ್ತು ವರುಷಗಳಿಂದ ವಿದೂಷಕನ ಪಾತ್ರವು ನಮ್ಮದಾಗಿತ್ತು, ನಮಗೇ ತಿಳಿದಿರಲಿಲ್ಲ. ಅಂದು ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ನಾವೊಬ್ಬರೇ ನಗುತ್ತ ಕುಳಿತುದನ್ನು ಕಂಡು, ಪಕ್ಕದಲ್ಲಿದ್ದ ಹಿರಿಯರೊಬ್ಬರು ಸ್ವಲ್ಪ ದೂರ ಸರಿದು ಕುಳಿತರು.